ಎಂಟು ಮನೆಯ ಮೌನಿ

ಒಂದೂವರೆ ತಿಂಗಳು ನಾನು ಸನ್ಯಾಸಿಯಾಗಿದ್ದೆ. ಊಟಕ್ಕೆ ಕುಳಿತಾಗ ಈ ಮಾತು ತೆಗೆದರೆ ನನ್ನ ಹೆಂಡತಿ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಹೌದ್ರಿ, ನೋಡಿದ್ರ ಗೊತ್ತಾಗ್ತೈತಿ" ಎನ್ನುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ. ಸನ್ಯಾಸಕ್ಕೆ ಹೋಗಿ ಮೈ ಬೆಳೆಸಿಕೊಂಡು ಬಂದವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಲಿಕ್ಕಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡವರನ್ನು ನಾನಿನ್ನೂ ಕಂಡಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಲ್ಲಿ ಬಿ.ಎ. ಮುಗಿಸಿ, ಮೂರನೇ ದರ್ಜೆಯ ಸರ್ಟಿಫಿಕೇಟು ಹಿಡಿದುಕೊಂಡು ನವಲಗುಂದ ತಾಲೂಕಿನ ನಮ್ಮ ಹಳ್ಳಿಗೆ ಮರಳಿದ್ದೆ. ನಮ್ಮದು ಹದಿನಾಲ್ಕು ಜನರ ಮನೆ. ಅಲ್ಲಿ ಒಬ್ಬನೇ ಕೂರಬೇಕೆಂದರೆ ಮೇವಿನ ಬಣವೆಯ ಹಿಂದೆ ಹೋಗಬೇಕು, ಅಲ್ಲಿಯೂ ಯಾರಾದರೊಬ್ಬರು ಬೀಡಿ ಸೇದುತ್ತ ಕುಳಿತಿರುತ್ತಿದ್ದರು. ಆತ್ಮ, ಏಕಾಂತ, ವೈರಾಗ್ಯ ಎಂಬ ಶಬ್ದಗಳಿರುವ ನಾಲ್ಕು ಪುಸ್ತಕ ಓದಿ, ನನ್ನಂಥ ಸೂಕ್ಷ್ಮ ಮನುಷ್ಯ ಇಂಥ ಮನೆಯಲ್ಲಿ ಹುಟ್ಟಿದ್ದೇ ಏನೋ ತಪ್ಪಾಗಿ ಎಂದು ತೀರ್ಮಾನಿಸಿದ್ದೆ. ಆಗ ನನಗೆ ಇಪ್ಪತ್ಮೂರು.

ಹತ್ತಿ ಬಿಡಿಸುವ ದಿನಗಳು. ಎಲ್ಲರೂ ಹೊಲದಲ್ಲಿದ್ದಾಗ ನಾನು ಬಣವೆಯ ಹಿಂದೆ, ವೈರಾಗ್ಯದ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದೆ. ಅಣ್ಣ ಎಬ್ಬಿಸಿ, ಮನೆಯವರೆಲ್ಲರ ಎದುರಿಗೆ ನೀರಿಳಿಸಿದ. ನಾನು ಎದ್ದು ನಿಂತು, ಪುಸ್ತಕದ ಧಾಟಿಯಲ್ಲಿ, ನನಗೆ ಈ ಸಂಸಾರದಲ್ಲಿ ಮನಸ್ಸಿಲ್ಲ ಎಂದೆ.

"ಸಂಸಾರ ನೀ ಯಾವಾಗ ಮಾಡಿದಿಲೇ? ಮದ್ಲ ಮಾಡ್ಕೋ, ಆಮ್ಯಾಲ ಬಿಡು" ಎಂದ ಅಣ್ಣ.

ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅವ್ವ ಒಳಗೆ ಹೋಗಿ ಒಂದು ಕಂಬಳಿ ತಂದು, "ಹೋಗೋದಿದ್ರ ಇದನ್ನ ತಗೊಂಡು ಹೋಗಪಾ, ಥಂಡಿ ಬಿಟ್ಟೈತಿ" ಎಂದಳು. ಅವಳು ತಡೆಯುತ್ತಾಳೆ, ಅಳುತ್ತಾಳೆ, ನಾನು ಎರಡು ದಿನ ಬಿಗುಮಾನ ಮಾಡಿ ಆಮೇಲೆ ಉಳಿಯುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಕಂಬಳಿ ಕೈಗೆ ಬಂದ ಮೇಲೆ ಹೋಗದೆ ಬೇರೆ ದಾರಿ ಇರಲಿಲ್ಲ.

ಸನ್ಯಾಸಿಗಳಿಗೆ ಅಡವಿಯೇ ಸರಿ ಎಂದು ಮೊದಲು ಕಲಘಟಗಿಯ ಕಡೆ ಹೊರಟಿದ್ದೆ. ಆ ಕಡೆ ಚಿರತೆ ಇದೆಯೆಂದು ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮಾತಾಡಿಕೊಳ್ಳುವುದು ಕೇಳಿಸಿತು. ಕುಂದಗೋಳದ ಬಸ್ ಹತ್ತಿದೆ. ಎರೆಭೂಮಿಯಲ್ಲಿ ಚಿರತೆ ಇಲ್ಲ.

ಕುಬಿಹಾಳದ ಆಚೆ ಒಂದು ಊರು. ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಆ ಊರ ಹೊರಗೆ, ಹಳ್ಳದ ದಂಡೆಯಲ್ಲಿ, ಕಲ್ಲಿನ ಒಂದು ಸಣ್ಣ ಗುಡಿ. ಸುತ್ತ ಬಿಳಿಜೋಳದ ಹೊಲ. ಗುಡಿಯ ಬಾಜು ಒಬ್ಬ ಮನುಷ್ಯ ಮೈಚಾಚುವಷ್ಟು ಕೋಣೆ, ಮುಂದೆ ಕಟ್ಟೆ, ಕಟ್ಟೆಯ ಮೇಲೆ ಬೇವಿನ ನೆರಳು. ಹಿಂದೆ ಅಲ್ಲಿ ಒಬ್ಬ ಅಜ್ಜ ಮೌನವಾಗಿ ಹನ್ನೆರಡು ವರ್ಷ ಒಬ್ಬನೇ ಇದ್ದು ಅಲ್ಲಿಯೇ ತೀರಿಕೊಂಡನಂತೆ, ಕೋಣೆ ಅಂದಿನಿಂದ ಖಾಲಿಯಂತೆ. ಬಸ್ಸಿನಲ್ಲಿ ಬಾಜು ಕುಳಿತವರು ಹೇಳಿದ್ದರು. ಇದು ನನಗಾಗಿಯೇ ಕಾಯ್ದಿದೆ ಎಂದು ನನಗೆ ಅನ್ನಿಸಿತು. ಆ ವಯಸ್ಸಿನಲ್ಲಿ ಎಲ್ಲವೂ ನನಗಾಗಿಯೇ ಕಾಯ್ದಿರುತ್ತಿದ್ದವು.

ಸಂಜೆ ದೀಪ ಹಚ್ಚಲು ಪೂಜಾರಿ ಕಾಕಾ ಬಂದರು. ಎಪ್ಪತ್ತು ದಾಟಿದ ತೆಳ್ಳನೆಯ ಮುದುಕರು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಳಿತ ನನ್ನನ್ನು ನೋಡಿ, "ಯಾವೂರಾತ್ರಿ ತಮ್ಮಾರ?" ಎಂದು ಕೇಳಿದರು. ಊರು ಹೇಳಿದರೆ ಮನೆತನ ಕೇಳುತ್ತಾರೆ, ಮನೆತನ ಹೇಳಿದರೆ ನಾಳೆ ಬೆಳಿಗ್ಗೆ ಅಣ್ಣ ಬಂದು ನಿಲ್ಲುತ್ತಾನೆ. ಸುಮ್ಮನಿದ್ದೆ. ಮತ್ತೆ ಕೇಳಿದರು. ನಾನು ಆಕಾಶ ನೋಡಿದೆ. ಅವರು ದೀಪ ಕೆಳಗಿಟ್ಟು, ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, "ಮೌನ ಏನ್ರಿ?" ಎಂದರು.

ನಾನು ತಲೆಯಾಡಿಸಿದೆ. ಇಷ್ಟೇ ನಾನು ಸ್ವೀಕರಿಸಿದ ದೀಕ್ಷೆ.

ಮರುದಿನ ಮಧ್ಯಾಹ್ನ ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ಬುತ್ತಿ ಹೊತ್ತು ಬಂದಳು. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, "ಅಜ್ಜಾರ, ಪ್ರಸಾದ ಆಗಲಿ" ಎಂದು ಕೈಮುಗಿದಳು. ಅವಳಿಗೆ ಅರವತ್ತರ ಮೇಲೆ ಇದ್ದೀತು. ನಾನು ಹಿಂದೆ ತಿರುಗಿ ನೋಡಿದೆ, ಅಜ್ಜ ಯಾರೂ ಇರಲಿಲ್ಲ. ಗಡ್ಡ ಕೂಡ ನೆಟ್ಟಗೆ ಬರದ ನಾನೇ ಅಜ್ಜ.

ಆಮೇಲೆ ಆ ಊರಿನ ಪದ್ಧತಿ ತಿಳಿಯಿತು. ಹಳೆಯ ಅಜ್ಜನ ಕಾಲದಿಂದ ಎಂಟು ಮನೆಗಳು ಪಾಳಿ ಹಿಡಿದಿದ್ದವು. ಕೋಣೆಯಲ್ಲಿ ಯಾರಾದರೂ ಮೌನಕ್ಕೆ ಕುಳಿತರೆ ದಿನಕ್ಕೊಂದು ಮನೆಯಿಂದ ಬುತ್ತಿ ಬರಬೇಕು, ಎಂಟು ದಿನಕ್ಕೆ ಸುತ್ತು ಮುಗಿದು ಮತ್ತೆ ಮೊದಲ ಮನೆ. ಬುತ್ತಿ ತರುವುದು ಹೆಂಗಸರೇ. ತಂದವರು ಮೌನಿ ಉಂಡು ಮುಗಿಸುವವರೆಗೆ ಕೆಳಗೆ ಕುಳಿತಿದ್ದು, ಬಟ್ಟೆ ಮಡಚಿಕೊಂಡು ಹೋಗಬೇಕು. ಆ ಅರ್ಧ ಗಂಟೆಯಲ್ಲಿ ಅವರು ಮಾತಾಡುತ್ತಿದ್ದರು. ಅತ್ತೆ, ನಾದಿನಿ, ಗಂಡನ ಕುಡಿತ, ಮುಟ್ಟು ನಿಂತದ್ದು, ಮಾರಿದ ಎಮ್ಮೆ, ಯಾರಿಗೂ ಹೇಳದೆ ಇಟ್ಟುಕೊಂಡ ಬೆಂಡೋಲೆ. ನನ್ನ ಕಡೆ ನೋಡದೆ, ಬೇವಿನ ಬೇರು ನೋಡುತ್ತ, ಮನೆಯಲ್ಲಿ ಯಾರೆದುರಿಗೂ ಆಡದ ಮಾತುಗಳನ್ನೆಲ್ಲ ಆಡಿ, ಮೂಗು ಒರೆಸಿಕೊಂಡು ಎದ್ದು ಹೋಗುತ್ತಿದ್ದರು.

ಇದಕ್ಕೆ ಕಾರಣ ನನ್ನ ಮುಖದ ತೇಜಸ್ಸು ಎಂದು ನಾನು ನಂಬಿದೆ. ಕನ್ನಡಿ ಇಲ್ಲದ ಕಡೆ ಇಂಥ ನಂಬಿಕೆಗೆ ಅಡ್ಡಿ ಏನು? ಕಣ್ಣು ಅರ್ಧ ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ರೊಟ್ಟಿಯನ್ನು ಆದಷ್ಟು ಗಂಭೀರವಾಗಿ ಅಗಿಯುವುದನ್ನು ರೂಢಿಸಿಕೊಂಡೆ. ಒಬ್ಬ ಮುದುಕಿ ಮಾತ್ರ, ನನ್ನೆದುರಿಗೇ ಕುಳಿತು, "ಮದ್ಲಿನ ಅಜ್ಜ ಒಂದ ರೊಟ್ಟಿ ತಿಂತಿದ್ದ. ಇದು ನಾಕ ತಿಂತೈತಿ, ಮ್ಯಾಲ ಚಟ್ನಿ ಹಿಂಡಿ ಬ್ಯಾರೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಐದನೆಯ ರೊಟ್ಟಿಗೆ ಚಾಚಿದ ಕೈಯನ್ನು ನಾನು ಜಪ ಮಾಡುವವನಂತೆ ಎದೆಗೆ ತಂದುಕೊಂಡೆ.

ಊಟದ ವಿಷಯ ಬಂದ ಮೇಲೆ ಹೇಳಿಬಿಡುತ್ತೇನೆ. ಎಂಟು ಮನೆಗಳು ಒಂದಕ್ಕೊಂದು ಸೋಲಬಾರದೆಂದು ಅಡಿಗೆ ಮಾಡುತ್ತಿದ್ದವು. ಇವತ್ತು ಎಣ್ಣೆಗಾಯಿ ಬಂದರೆ ನಾಳೆ ಝುಣಕ, ಆಮೇಲೆ ಪುಂಡಿಪಲ್ಯ, ಅದರ ಮೇಲೆ ಬೆಣ್ಣೆ. ತಿಂಗಳು ತುಂಬುವಷ್ಟರಲ್ಲಿ ಅಂಗಿಯ ಗುಂಡಿ ಹಾಕಲು ಉಸಿರು ಬಿಗಿ ಹಿಡಿಯಬೇಕಾಯಿತು. ಇನ್ನು ಏಕಾಂತ. ಮಧ್ಯಾಹ್ನ ಹನ್ನೆರಡು ದಾಟಿದರೂ ಬದುವಿನ ಮೇಲೆ ಸೆರಗು ಕಾಣದಿದ್ದರೆ ಜೀವ ಚಡಪಡಿಸುತ್ತಿತ್ತು. ಯಾವ ಮನೆಯ ನಾದಿನಿ ಏನೆಂದಳು, ಎಮ್ಮೆ ವಾಪಸ್ ಬಂತೋ ಇಲ್ಲವೋ ಎಂದು ಎಂಟು ದಿನ ಕಾಯುತ್ತಿದ್ದೆ. ಹದಿನಾಲ್ಕು ಜನರ ಗದ್ದಲ ಬೇಡವೆಂದು ಬಂದವನು ಎಂಟು ಮನೆಯ ಗದ್ದಲಕ್ಕೆ ಕಿವಿ ಕೊಟ್ಟು ಕುಳಿತಿದ್ದೆ. ಮಾತು ಕಡಿಮೆ ಆಡುವ ಮನೆಯ ಪಾಳಿ ಬಂದ ದಿನ ನನಗೆ ಬೇಜಾರು.

ಈಗ ಏಕಾಂತಕ್ಕೆ ಶಿಬಿರಗಳಿವೆ. ಹತ್ತು ದಿನ ಮಾತಿಲ್ಲ, ಮೊಬೈಲು ಅವರ ಕೈಗೆ ಕೊಡಬೇಕು, ಗಂಟೆ ಬಾರಿಸಿದಾಗ ಊಟ. ನಮ್ಮ ಆಫೀಸಿನವರೊಬ್ಬರು ಹೋಗಿ ಬಂದು ಆ ಹತ್ತು ದಿನದ ಮೌನದ ಬಗ್ಗೆ ಒಂದು ತಿಂಗಳು ಮಾತಾಡಿದರು. ಹಿಂದಿನವರು ಹೀಗಿರಲಿಲ್ಲ ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ಗವಿಯಲ್ಲಿ ಕುಳಿತ ಋಷಿಯ ಚಿತ್ರ ಎಲ್ಲರ ಮನೆಯ ಕ್ಯಾಲೆಂಡರಿನಲ್ಲಿ ಇರುತ್ತದೆ. ಗವಿಯ ಹೊರಗೆ ಬುತ್ತಿ ಹೊತ್ತು ನಿಂತ ಹೆಂಗಸನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಐದನೆಯ ಸುತ್ತಿನಲ್ಲಿ ಕೆರೆ ಓಣಿಯ ಅವ್ವನ ಪಾಳಿ ಬಂತು. ಅವಳು ವಿಧವೆ. ಒಬ್ಬಳೇ ಮಗಳು. ಹಿಂದಿನ ಸುತ್ತುಗಳಲ್ಲಿ ಆಕೆ ತನ್ನ ಗಂಡ ಸಾಯುವ ಹಿಂದಿನ ದಿನ ತಾನು ಸಿಟ್ಟಿನಲ್ಲಿ ಅವನಿಗೆ ಅಂದ ಒಂದು ಮಾತನ್ನು ನನ್ನೆದುರಿಗೆ ಹೇಳಿ ಅತ್ತಿದ್ದಳು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಂದು ಅವಳು ಮಗಳನ್ನೂ ಕರೆದುಕೊಂಡು ಬಂದಿದ್ದಳು, ಮುಖ ಅರಳಿತ್ತು.

"ಅಜ್ಜಾರ, ಹುಡುಗಿಗಿ ಗಂಡು ಕೂಡಿ ಬಂದೈತ್ರಿ. ಅಣ್ಣಿಗೇರಿ. ದಲಾಲಿ ಅಂಗಡ್ಯಾಗ ಕೂಡತಾನ. ಮದ್ಲಿನ ಹೆಂಡ್ತಿ ಕಾಮಣಿ ಆಗಿ ತೀರಿಕೊಂಡ್ಲಂತ. ಎರಡನೇ ಸಂಬಂಧ ಖರೆ, ಆದ್ರ ಅವರು ಏನೂ ಕೇಳವಲ್ರು. ಗಿರಣಿ ಮನಿ ಸೊಸಿ ಅದಾಳಲ್ರಿ, ಆಕಿ ಖಾಸ ಅಣ್ಣ. ನೋಡಿದ ಮಂದಿ. ಮುಂದಿನ ಪಾಳಿ ಆದ ಮರುದಿನ ನಿಶ್ಚಯ ಇಟ್ಟೇವಿ."

ಹೇಳಿ ಅವಳು ಗುಡಿಯ ಸುತ್ತು ಹಾಕಲು ಎದ್ದಳು. ಮಗಳು ಅಲ್ಲೇ ಕುಳಿತಳು. ಹದಿನೆಂಟು ಇದ್ದೀತು, ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿಯುತ್ತಿದ್ದಳು. ನನ್ನ ಬುತ್ತಿಯಿಂದಲೇ ಬೆಲ್ಲದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು, ದನಿ ಇಳಿಸಿ ಹೇಳಿದಳು: "ಅಣ್ಣಿಗೇರಿ ನೀರು ಅಗದಿ ಸವಳಂತ್ರಿ ಅಜ್ಜಾರ. ಚಾ ಮಾಡಿದ್ರ ಹಾಲು ಒಡಿತಾವಂತ. ನನಗ ಅದ ಒಂದ ಚಿಂತಿ ಆಗೇತಿ." ಹೇಳಿ ತಾನೇ ನಕ್ಕಳು. ನನಗೂ ನಗು ಬಂತು, ಕೆಮ್ಮಿದಂತೆ ಮಾಡಿ ನುಂಗಿದೆ. ಹುಡುಗಿ ಒಳ್ಳೆಯ ಮನೆ ಸೇರಲಿ ಎಂದು ಆ ದಿನ ನಿಜವಾಗಿಯೂ ಹಾರೈಸಿದೆ. ಸನ್ಯಾಸಿಯಾಗಿ ನಾನು ಮಾಡಿದ ಒಂದೇ ಒಂದು ಪ್ರಾರ್ಥನೆ ಅದು.

ಎರಡು ದಿನ ಬಿಟ್ಟು ಗಿರಣಿ ಮನೆಯ ಪಾಳಿ. ಹಿಟ್ಟಿನ ಗಿರಣಿಯ ಮನೆಯ ಸೊಸೆ ಮೂವತ್ತರ ಹೆಂಗಸು, ಎಂಟು ಮನೆಯವರಲ್ಲಿ ಅತಿ ಕಡಿಮೆ ಮಾತಿನವಳು. ಅಂದು ಬುತ್ತಿ ಬಿಚ್ಚಿಟ್ಟು ಕೆಳಗೆ ಕುಳಿತಳು. ನಾನು ಎರಡನೇ ರೊಟ್ಟಿಯಲ್ಲಿದ್ದಾಗ ಮಾತು ಶುರು ಮಾಡಿದಳು.

"ಸತ್ತಾಳ ಅಂತ ಹೇಳ್ಯಾರ್ರಿ ನಮ್ಮ ವೈನಿನ್ನ. ಸತ್ತಿಲ್ರಿ. ಕಲಘಟಗ್ಯಾಗ, ತೊಟ್ಟಲಾ ಮಾಡೋರ ಓಣ್ಯಾಗ, ತವರು ಮನ್ಯಾಗ ಅದಾಳ. ನಮ್ಮಣ್ಣ ತಾನ ಆಕಿ ಕೈ ಮುರದು ಬಸ್ ಹತ್ತಿಸಿ ಕಳಿಸ್ಯಾನ. ಹ್ವಾದ ವರ್ಷ ಸಂತ್ಯಾಗ ಸಿಕ್ಕಿದ್ಲು. ಸೊಟ್ಟ ಕೂಡಿದ ಕೈಲೆ ನನ್ನ ಗದ್ದ ಹಿಡದು, ಅರಾಮ ಅದಿ ಏನವಾ ಅಂದ್ಲು. ಅಂಥಾಕಿನ್ನ ಜೀವಂತ ಇದ್ದಾಗನ ಸಾಯಿಸಿಬಿಟ್ರು. ನಾ ಬಾಯಿ ಬಿಟ್ರ ತವರು ಮುಚ್ಚತೈತಿ. ಈಗ ನಿಶ್ಚಯದಾಗ ಆ ಹುಡುಗಿಗಿ ಉಡಿ ತುಂಬೂದು ನಂದ ಐತಂತ್ರಿ. ನನ್ನ ಕೈ ಹೆಂಗ ಏಳಬೇಕ್ರಿ?"

ಅವಳು ಅಳಲಿಲ್ಲ. ಹೇಳಿ ಮುಗಿಸಿ, ಒಂದು ದೊಡ್ಡ ಉಸಿರು ಬಿಟ್ಟು, ಬಟ್ಟೆ ಮಡಚಿಕೊಂಡು ಹೋದಳು. ಬಂದಾಗಿನದಕ್ಕಿಂತ ಹಗುರಾಗಿ ನಡೆದಳು. ಆ ಭಾರವೆಲ್ಲ ಈಗ ನನ್ನ ಮೇಲಿತ್ತು.

ಕೆರೆ ಓಣಿಯ ಪಾಳಿಗೆ ಇನ್ನು ಆರು ದಿನ. ಅದರ ಮರುದಿನ ನಿಶ್ಚಯ. ಇಡೀ ಊರಿನಲ್ಲಿ ಈ ಸಂಗತಿ ಗೊತ್ತಿದ್ದವರು ಇಬ್ಬರೇ. ಒಬ್ಬಳಿಗೆ ಬಾಯಿ ಬಿಡುವ ಹಾಗಿಲ್ಲ, ಇನ್ನೊಬ್ಬ ಬಾಯಿ ಬಿಡುವುದಿಲ್ಲವೆಂದು ಕುಳಿತವನು. ಈಗಿನ ನನ್ನಂಥ ಐವತ್ತು ದಾಟಿದ ಮನುಷ್ಯ ಅಂದೇ ಸಂಜೆ ಊರೊಳಗೆ ಹೋಗಿ ಹೇಳಿಬಿಡುತ್ತಿದ್ದ ಎಂದು ಬರೆಯಲು ಆಸೆ. ಆದರೆ ಈಗಿನ ನಾನೂ ಅಷ್ಟೇನು ದೊಡ್ಡವನಲ್ಲ.

ಮೊದಲ ಎರಡು ದಿನ ನನಗೆ ನೆನಪಾದದ್ದು ಗಿರಣಿ ಮನೆಯ ಸೊಸೆ. ನಂಬಿ ಹೇಳಿದ್ದಾಳೆ, ಬಯಲು ಮಾಡುವುದು ದ್ರೋಹ ಎಂದುಕೊಂಡೆ. ಇದು ದೊಡ್ಡ ಮನುಷ್ಯರ ಕಾರಣ, ಹಾಗಾಗಿ ಇದನ್ನೇ ಎಷ್ಟೋ ಹೊತ್ತು ತಿರುವಿದೆ. ಅದರ ಕೆಳಗೆ ಬೇರೆ ಕಾರಣ ಇತ್ತು. ಮೌನ ಮುರಿದ ಮೌನಿಗೆ ಬುತ್ತಿ ಯಾರು ತರುತ್ತಾರೆ? ಅಜ್ಜಾರ ಎಂದು ಯಾರು ಕೈಮುಗಿಯುತ್ತಾರೆ? ನವಲಗುಂದದ ಬಸ್ ಇಳಿದು ಕಂಬಳಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರೆ ಅಣ್ಣ ಏನೆನ್ನುತ್ತಾನೆ? ಆ ಆರು ದಿನಗಳಲ್ಲಿ ನಾಲ್ಕು ದಿನ ನಾನು ಚಿಂತೆ ಮಾಡಿದ್ದು ನನ್ನದೇ. ಒಬ್ಬ ಹುಡುಗಿಯ ಕೈ, ಇನ್ನೂ ಮುರಿಯದ ಕೈ, ಮತ್ತು ನನ್ನ ಬದನೆಕಾಯಿ ಪಲ್ಯ, ಎರಡನ್ನೂ ತೂಗಿ ನೋಡುತ್ತಿದ್ದೆ. ಥೂ ನನ್ನ ಸನ್ಯಾಸಕ್ಕೆ.

ಚೀಟಿ ಬರೆಯೋಣವೆಂದುಕೊಂಡೆ. ಬಿ.ಎ. ಮಾಡಿದ ಮನುಷ್ಯನ ಹತ್ತಿರ ಒಂದು ಪೆನ್ನಿರಲಿಲ್ಲ. ಇದ್ದಿಲಿನಿಂದ ಗೋಡೆಯ ಮೇಲೆ ಬರೆಯಬಹುದಿತ್ತು, ಆದರೆ ಅಕ್ಷರ ಬಲ್ಲವರು ಬಂದು ಓದಿ, ಅದನ್ನು ಊರ ಕಟ್ಟೆಗೆ ಒಯ್ಯುತ್ತಿದ್ದರು. ಪೂಜಾರಿ ಕಾಕಾಗೆ ಸನ್ನೆ ಮಾಡಿ ತಿಳಿಸಲು ನೋಡಿದೆ. ಒಂದು ಕೈಯಿಂದ ಇನ್ನೊಂದು ಕೈ ಮುರಿದಂತೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ವಾಯು ಹಿಡದೈತೇನ್ರಿ?" ಎಂದು ಕೇಳಿ, ಮರುದಿನ ಎಳ್ಳೆಣ್ಣೆ ತಂದುಕೊಟ್ಟರು.

ಆರನೆಯ ದಿನ ಕೆರೆ ಓಣಿಯ ಅವ್ವ ಒಬ್ಬಳೇ ಬಂದಳು. ಬುತ್ತಿಯ ಜೊತೆಗೆ ಹಳದಿ ಕಾಗದದಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಹಸಿರು ಇಲಕಲ್ ಸೀರೆ, ಕೆಂಪು ಸೆರಗು. "ನಾಳೆ ಇದನ್ನ ಉಡಸ್ತೇನ್ರಿ. ಒಮ್ಮಿ ಮುಟ್ಟಿ ಕೊಡ್ರಿ ಅಜ್ಜಾರ, ಹುಡುಗಿ ಸುಖದಿಂದ ಇರಲಿ" ಎಂದು ಎರಡೂ ಕೈಯಲ್ಲಿ ಸೀರೆ ಚಾಚಿದಳು.

ನಾನು ಮುಟ್ಟಲಿಲ್ಲ. ಅವಳು ಇನ್ನಷ್ಟು ಹತ್ತಿರ ಹಿಡಿದಳು.

"ಬ್ಯಾಡ್ರಿ ಅವ್ವಾರ" ಎಂದೆ. ಒಂದೂವರೆ ತಿಂಗಳ ಮೇಲೆ ಬಂದ ದನಿ ನನ್ನದೇ ಎಂದು ನನಗೂ ಗುರುತು ಸಿಗಲಿಲ್ಲ. "ಆ ಹುಡುಗನ ಹೆಂಡ್ತಿ ಸತ್ತಿಲ್ರಿ. ಕಲಘಟಗ್ಯಾಗ ತೊಟ್ಟಲಾ ಮಾಡೋರ ಓಣ್ಯಾಗ ಅದಾಳ. ಕೈ ಮುರದು ಕಳಿಸ್ಯಾನ. ಕೊಡಬ್ಯಾಡ್ರಿ."

ಕೈಮುಗಿಯುತ್ತಾಳೆ, ಕಾಲಿಗೆ ಬೀಳುತ್ತಾಳೆ, ದೊಡ್ಡ ಉಪಕಾರ ಮಾಡಿದಿರಿ ಎನ್ನುತ್ತಾಳೆ. ಇಷ್ಟೂ ನಾನು ಮೊದಲೇ ಊಹಿಸಿಕೊಂಡು ಕುಳಿತಿದ್ದೆ. ಅವಳು ಸೀರೆಯನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಇಷ್ಟು ದಿನ ನನ್ನೆದುರಿಗೆ ಬರಿದಲೆಯಲ್ಲಿ ಕುಳಿತು ಮಾತಾಡುತ್ತಿದ್ದವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮುಖ ಬೂದಿಯಾಗಿತ್ತು.

"ನಿಮಗ ಕೇಳಸ್ತಿತ್ರ್ಯಾ?" ಎಂದಳು.

ನಾನು ಹೌದೆಂದೆ.

"ಎಲ್ಲಾನೂ?"

ತನ್ನ ಗಂಡನಿಗೆ ಅಂದ ಆ ಮಾತು ಅವಳ ಕಣ್ಣೆದುರಿಗೆ ಬಂದು ನಿಂತದ್ದು ನನಗೆ ಕಂಡಿತು. ಅವಳು ಬುತ್ತಿಯ ಬಟ್ಟೆಯನ್ನೂ ತೆಗೆದುಕೊಳ್ಳದೆ, ಬದುವಿನ ಮೇಲೆ ಅಲ್ಲ, ಜೋಳದ ಹೊಲದ ನಡುವೆಯೇ ನುಗ್ಗಿ ಊರ ಕಡೆ ಹೋದಳು.

ಸಂಜೆ ದೀಪ ಹಚ್ಚಲು ಬಂದ ಪೂಜಾರಿ ಕಾಕಾ ನನ್ನೆದುರಿಗೆ ಮತ್ತೆ ಕುಕ್ಕರಗಾಲಲ್ಲಿ ಕುಳಿತರು. ಸುದ್ದಿ ಎಂಟೂ ಮನೆ ಮುಟ್ಟಿತ್ತು. ಹುಡುಗಿಯ ಸೋದರಮಾವ ಮಧ್ಯಾಹ್ನದ ಬಸ್ಸಿಗೆ ಕಲಘಟಗಿಗೆ ಹೋಗಿದ್ದ. ನನ್ನ ತೇಜಸ್ಸಿನ ಕಥೆಯೂ ಆಗಲೇ ಮುಗಿಯಿತು.

"ಮದ್ಲಿನ ಅಜ್ಜ ಹುಟ್ಟಾ ಕಿವುಡ್ರಿ" ಎಂದರು. "ಕಿವಿ ಇಲ್ಲ, ಬಾಯಿ ಇಲ್ಲ. ಮಂದಿ ಮರ್ಯಾದಿಗೆ ಮೌನ ಅಂತಿದ್ರು. ಹೆಣ್ಮಕ್ಳು ಹನ್ನೆರಡು ವರ್ಷ ಅವನ ಮುಂದ ಹೇಳಿ ಹೇಳಿ ರೂಢಿ ಆಗೇತಿ. ಮೌನಕ್ಕ ಕುಂತವರ ಕಿವಿ ಮುಚ್ಚಿರ್ತಾವ ಅಂತ ತಿಳ್ಕೊಂಡಾರ. ನೀವು ಕೇಳಸ್ಕೊಳ್ಳಾಕ ಹತ್ತೀರಿ ಅಂತ ಅವರಿಗೇನ ಗೊತ್ತು?"

"ಇದನ್ನ ಮದ್ಲ ಯಾಕ ಹೇಳಲಿಲ್ರಿ ಕಾಕಾ?" ಎಂದೆ.

"ನೀವೆಲ್ಲಿ ಕೇ‍ಳಿದ್ರಿ? ಮಾತಾಡ್ತಿದ್ದಿಲ್ಲಲ್ಲ" ಎಂದು ಅವರು ದೀಪಕ್ಕೆ ಎಣ್ಣೆ ಹಾಕಿದರು.

ಮರುದಿನ ನಿಶ್ಚಯ ಆಗಲಿಲ್ಲ. ಸೋದರಮಾವ ಕಲಘಟಗಿಯಲ್ಲಿ ಆ ಹೆಂಗಸನ್ನು ಕಣ್ಣಾರೆ ಕಂಡು ಬಂದಿದ್ದ. ಅಣ್ಣಿಗೇರಿಯಿಂದ ಬಂದವರನ್ನು ಬಸ್ ಇಳಿದಲ್ಲಿಯೇ ತಡೆದು, ಎರಡು ಮಾತು ಕೇಳಿ, ಅದೇ ಬಸ್ಸಿಗೆ ಹತ್ತಿಸಿ ಕಳಿಸಿದರಂತೆ. ಪೂಜಾರಿ ಕಾಕಾ ಇದನ್ನು ಹೇಳಿದಾಗ ನನಗೆ ಅಳು ಬಂತು, ಸಂತೋಷಕ್ಕೆ. ಹುಡುಗಿ ಉಳಿದಳು. ಆದರೆ ಅಂದು ಪಾಳಿಯ ಮನೆಯಿಂದ ಯಾರೂ ಬರಲಿಲ್ಲ. ಹಳ್ಳದ ನೀರು ಕುಡಿದು ಮಲಗಿದೆ. ಬೆಳಿಗ್ಗೆ ಹಳ್ಳಕ್ಕೆ ಬಟ್ಟೆ ತಂದ ಹೆಂಗಸರು ನನ್ನನ್ನು ಕಂಡು ಬುಟ್ಟಿ ಹೊತ್ತು ಮೇಲಿನ ದಂಡೆಗೆ ಹೋದರು. ಇನ್ನು ಇಲ್ಲಿ ನನ್ನ ಕೆಲಸ ಏನು? ಕಂಬಳಿ ಮಡಚಿಟ್ಟು, ಮಧ್ಯಾಹ್ನದ ಬಸ್ಸಿಗೆ ಹೊರಡಲು ಸಿದ್ಧನಾದೆ.

ಆಗ ಬದುವಿನ ಮೇಲೆ ಗಿರಣಿ ಮನೆಯ ಸೊಸೆ ಬಂದಳು. ಅಂದು ಅವಳ ಪಾಳಿ. ಅವಳು ಬರುತ್ತಾಳೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ನಾನು ಹೆಸರು ಹೇಳಿರಲಿಲ್ಲ, ನಿಜ. ಆದರೆ ಆ ಮನೆಯ ಒಳಮಾತು ಈ ಊರಿನಲ್ಲಿ ಇನ್ನಾರಿಗೆ ಗೊತ್ತಿತ್ತು? ಎಡಗೆನ್ನೆ ಬಾತಿತ್ತು. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, ಬಿಚ್ಚಿ, ಎಂದಿನ ಹಾಗೆ ಕೆಳಗೆ ಕುಳಿತಳು.

"ತಪ್ಪಾತ್ರಿ ಅಕ್ಕಾರ" ಎಂದೆ.

"ತಪ್ಪೇನಿಲ್ರಿ. ಆ ಹುಡುಗಿ ಪಾರಾದ್ಲು, ಚಲೋ ಆತು. ನನ್ನ ಕೈಲೆ ಆಗ್ತಿದ್ದಿಲ್ಲ." ಬೇವಿನ ಬೇರು ನೋಡುತ್ತ ಹೇಳಿದಳು. "ನಿಶ್ಚಯಕ್ಕ ಬಂದಿದ್ದ ನಮ್ಮವ್ವ ನಿನ್ನೆ ಬಸ್ ಹತ್ತೂ ಮುಂದ ಹೇಳಿ ಹ್ವಾದ್ಲು. ಇನ್ನ ಪಂಚಮಿಗಿ ಕರ್ಯಾಕ ಬರೂದಿಲ್ಲಂತ. ಅದಿರ್ಲಿ. ಹೋದ್ರ ಹೋಗ್ಲಿ."

ಆಮೇಲೆ ಮೊದಲ ಬಾರಿಗೆ ತಲೆಯೆತ್ತಿ ನನ್ನ ಮುಖ ನೋಡಿ ಕೇಳಿದಳು.

"ಇನ್ನ ನಾವು ಎಲ್ಲೆ ಹೇಳೂಣ್ರಿ?"

ಈ ಪ್ರಶ್ನೆಗೆ ಸುಮ್ಮನಿರಬೇಕಾಗಿತ್ತು. ಸುಮ್ಮನಿರಬೇಕಾದಾಗ ಮಾತಾಡುವುದು, ಮಾತಾಡಬೇಕಾದಾಗ ಆಕಾಶ ನೋಡುವುದು, ಇದು ನನ್ನ ಹುಟ್ಟುಗುಣ. "ಮನಿ ದೇವರ ಮುಂದ ಹೇಳ್ರಿ" ಎಂದೆ.

"ದೇವರ ಮನ್ಯಾಗ ನಮ್ಮ ಅತ್ತಿ ಕುಂತಿರ್ತಾರ್ರಿ" ಎಂದಳು.

ನಾನು ಉಣ್ಣುವವರೆಗೆ ಅವಳು ಕಾಯಲಿಲ್ಲ. ಬಟ್ಟೆ ಇರಲಿ ಎಂದು ಹೇಳಿ, ಎದ್ದು ಸೀರೆಯ ಮಣ್ಣು ಜಾಡಿಸಿಕೊಂಡು, ಬದುವಿನ ಮೇಲೆ ನಡೆದುಹೋದಳು. ಮೂರು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ನಾಚಿಕೆಯಿಂದ ನನಗೆ ಕತ್ತು ಎತ್ತಲು ಆಗುತ್ತಿರಲಿಲ್ಲ. ಹಸಿವೆಯೂ ಆಗಿತ್ತು. ಮೂರನ್ನೂ ತಿಂದೆ.